ಡಬ್ಲ್ಯೂಡಿಎಂ: ಅಕ್ಷರಗಳಲ್ಲಿ ಅಡಗಿದ ಇಂಜಿನ್

ಡಬ್ಲ್ಯೂಡಿಎಂ (ನಾಮಪದ, ಡೀಸೆಲ್ ರೈಲು ಇಂಜಿನ್ನಿನ ಒಂದು ವರ್ಗ)

ಹಾಗಲವಾಡಿಯಲ್ಲಿ ರೈಲಿಲ್ಲ, ಇಂಜಿನ್ ನೋಡುವ ಹುಚ್ಚಿದ್ದವರು ಗುಬ್ಬಿಗೋ ನಿಟ್ಟೂರಿಗೋ ಬರಬೇಕು. ಅಲ್ಲಿ ರೈಲು ಪ್ರಿಯ ಹುಡುಗರ ಬಾಯಲ್ಲಿ ಈ ಪದ ಸಲೀಸು.

'ಡಬ್ಲ್ಯೂ' ಅಂದರೆ ವೈಡ್, ಅಗಲ ಹಳಿ, ನಮ್ಮ ಬ್ರಾಡ್‌ಗೇಜ್. 'ಡಿ' ಡೀಸೆಲ್. ಜರ್ಮನ್ ಇಂಜಿನಿಯರ್ ರುಡಾಲ್ಫ್ ಡೀಸೆಲ್ ಹೆಸರು ಎಣ್ಣೆಗೇ ಅಂಟಿಕೊಂಡಿತು. 'ಎಂ' ಮಿಶ್ರ ಕೆಲಸದ್ದು: ಪ್ರಯಾಣಿಕರ ಗಾಡಿಗೂ ಸೈ, ಗೂಡ್ಸ್‌ಗೂ ಸೈ. ಗೂಡ್ಸ್‌ಗೆ ಮಾತ್ರವಾದರೆ 'ಜಿ', ಪ್ಯಾಸೆಂಜರಿಗೆ 'ಪಿ', ಶಂಟಿಂಗ್‌ಗೆ 'ಎಸ್'. ಗುಬ್ಬಿ, ನಿಟ್ಟೂರಿನ ದಾರಿ ಹಿಂದೆ ಮೀಟರ್‌ಗೇಜ್ ಆಗಿತ್ತು. ಆ ಹಳಿಯ ಗುರುತು 'ವೈ'. ವೈಡಿಎಂ-4 ಆ ಕಾಲದ ಹೆಸರು. ಇಂಗ್ಲಿಷಿನ 'ಯಾರ್ಡ್' ಅಳತೆಯೇ ಇದರ ಮೂಲ. ಮೀಟರ್ ಎನ್ನುವಲ್ಲಿ ಗಜ ನುಸುಳಿದ್ದು ತಮಾಷೆಯೇ.

ಎಡವುವುದು ಅಂಕಿಯಲ್ಲಿ. 1962ರಲ್ಲಿ ಅಮೆರಿಕದ ಆಲ್ಕೋ ಕಂಪನಿಯಿಂದ ಬಂದ ಡಬ್ಲ್ಯೂಡಿಎಂ-2ರ 2 ಅಶ್ವಶಕ್ತಿಯಲ್ಲ, ಎರಡನೇ ಮಾದರಿ ಎಂದಷ್ಟೆ. ಅದರ ಬಲ 2,600. ಆದರೆ ಡಬ್ಲ್ಯೂಡಿಎಂ-3ಎ ಎಂದರೆ 3,100: 3 ಸಾವಿರವನ್ನೂ 'ಎ' ಮೇಲಿನ ನೂರನ್ನೂ ಹೇಳುತ್ತದೆ. ಹಳೆಯ ಹೆಸರಿಗೆ ಹೊಸ ಸೂತ್ರ ಹಚ್ಚಿದರೆ ಲೆಕ್ಕ ತಪ್ಪುತ್ತದೆ.

ಇಂಜಿನ್ನಿನ ಮೈಮೇಲಿನ ಯುಬಿಎಲ್, ಕೆಜೆಎಂ ವರ್ಗದ ಹೆಸರಲ್ಲ, ಷೆಡ್ಡಿನದು: ಹುಬ್ಬಳ್ಳಿ, ಕೃಷ್ಣರಾಜಪುರ.

'ಇಂಜಿನ್' ಲ್ಯಾಟಿನ್ನಿನ 'ಇಂಗೇನಿಯಂ', ಅಂದರೆ ಜಾಣ್ಮೆಯಿಂದ ಹುಟ್ಟಿದ್ದು. ಮರಾಠಿಯಲ್ಲೂ ಇಂಜಿನ್, ಹಿಂದಿಯಲ್ಲಿ ಇಂಜನ್. ವಿದ್ಯುತ್ ಇಂಜಿನ್ ಬಂದರೆ 'ಡಿ' ಜಾಗಕ್ಕೆ 'ಎ' ಬರುತ್ತದೆ: ಡಬ್ಲ್ಯೂಎಪಿ, ಡಬ್ಲ್ಯೂಎಜಿ. ಈ 'ಎ' ಎಸಿ ವಿದ್ಯುತ್ತಿನದು.