ನೆತ್ತಿಯ ನೆರಳು: ಹುಲ್ಲಿನ ಟೋಪಿಯೂ ಹತ್ತಿಯ ರುಮಾಲೂ

ರಾಯಚೂರಿನಲ್ಲಿ ಇರುವುದು ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂಬ ಚಟಾಕಿ ಹಳೆಯದು. ಏಪ್ರಿಲ್, ಮೇ ತಿಂಗಳುಗಳಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಬಿಸಿಲಿನಲ್ಲಿ ಹೊಲಕ್ಕೆ ಹೋಗುವವರಿಗೆ ಅದು ಚಟಾಕಿಯಂತೆ ಕೇಳಿಸುವುದಿಲ್ಲ. ಇಂಥ ನಾಡಿನಲ್ಲಿ ತಲೆಗೆ ಏನು ಹಾಕಿಕೊಳ್ಳಬೇಕೆಂಬುದು ಷೋಕಿಯ ಮಾತಲ್ಲ, ಜೀವದ ಮಾತು.

ಸಿನಿಮಾದ ಕೌಬಾಯ್‌ಗಳ ತಲೆಯ ಮೇಲೆ ಕಾಣುವ ಅಗಲ ಅಂಚಿನ ಹುಲ್ಲಿನ ಟೋಪಿ ನಮ್ಮ ಪೇಟೆಗಳಿಗೂ ಬಂದಿದೆ. ಕೊಂಡವರು ಎದುರಿಸುವ ತೊಂದರೆ ಒಂದೇ. ಬೇಸಿಗೆ ಮುಗಿಯುವುದರೊಳಗೆ ಟೋಪಿಯ ಒಳಪಟ್ಟಿಯಲ್ಲಿ ಬೆವರಿನ ಕಲೆ ಮೂಡುತ್ತದೆ, ಹೆಣಿಗೆಯ ಸಂದಿನಲ್ಲಿ ಕೆಂಧೂಳು ಕೂರುತ್ತದೆ, ಅಂಚು ಸೀಳುತ್ತದೆ. ಬಕೆಟ್ಟಿನಲ್ಲಿ ಅದ್ದಿ ಒಗೆದರೆ ಆಕಾರವೇ ಕೆಡುತ್ತದೆ. ಅದೇ ಬಿಸಿಲಿನಲ್ಲಿ ದುಡಿದ ಹಿರಿಯರ ರುಮಾಲು ಮಾತ್ರ ವಾರವಾರ ಒಗೆಸಿಕೊಂಡು ವರ್ಷಗಟ್ಟಲೆ ಬಾಳುತ್ತಿತ್ತು. ಈ ವ್ಯತ್ಯಾಸದ ಬೆನ್ನು ಹತ್ತಿದರೆ ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ಈ ದೋಆಬ್ ನಾಡಿನ ಇತಿಹಾಸದ ಒಂದು ಎಳೆ ಕೈಗೆ ಸಿಗುತ್ತದೆ. ಒಂದು ತಲೆಯುಡುಗೆ ಒಂದು ಊರಿನಲ್ಲಿ ನಿಲ್ಲಬೇಕಾದರೆ ಅದನ್ನು ಶುಚಿ ಮಾಡುವ ಬಗೆ ಆ ಊರಿಗೆ ಒಗ್ಗಬೇಕು.

ಅರಸನ ಕುಲ್ಲಾಯಿ

ರಾಯಚೂರು ಕೋಟೆಗಾಗಿ ವಿಜಯನಗರದ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಹನಿಗೂ 1520ರಲ್ಲಿ ಯುದ್ಧ ನಡೆಯಿತು. ಈ ಯುದ್ಧವನ್ನು ವಿಸ್ತಾರವಾಗಿ ವರ್ಣಿಸಿದವನು ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೋ ನೂನಿಜ್. ಅವನು ಮುಂದೆ ಅಚ್ಯುತರಾಯನ ಕಾಲದಲ್ಲಿ ವಿಜಯನಗರದಲ್ಲಿದ್ದ. ಅರಸನ ಉಡುಗೆಯ ಬಗೆಗೆ ಬರೆಯುತ್ತ, ತಲೆಯ ಮೇಲಿನ ಜರತಾರಿ ಕುಲ್ಲಾಯಿಯ ಬೆಲೆಯನ್ನೂ ಹೇಳಿ, ಒಮ್ಮೆ ತಲೆಯಿಂದ ತೆಗೆದ ಕುಲ್ಲಾಯಿಯನ್ನು ಅರಸ ಮತ್ತೆ ಧರಿಸುವುದಿಲ್ಲ ಎಂದು ದಾಖಲಿಸಿದ್ದಾನೆ. ಕುಲ್ಲಾಯಿ ಎಂಬ ಹೆಸರು ಪಾರಸಿಯ ಕುಲಾಹ್ ಎಂಬುದರಿಂದ ಬಂದದ್ದು. ಎರಡನೆಯ ಸಲ ಹಾಕದ ಟೋಪಿಗೆ ಬೆವರಿನ ಚಿಂತೆಯೂ ಇಲ್ಲ, ಒಗೆತದ ಚಿಂತೆಯೂ ಇಲ್ಲ. ಆ ಭಾಗ್ಯ ಅರಸನೊಬ್ಬನದು. ಉಳಿದವರು ಇದ್ದುದನ್ನೇ ತೊಳೆದು ಬಳಸಬೇಕಿತ್ತು.

ರುಮಾಲು, ಸವಳು, ಉಬ್ಬೆ

ರುಮಾಲು ಎಂಬ ಮಾತೂ ಪಾರಸಿಯದೇ. ರೂ ಎಂದರೆ ಮುಖ, ಮಾಲ್ ಎಂದರೆ ಒರೆಸುವುದು. ಮುಖ ಒರೆಸುವ ಅರಿವೆಯ ಹೆಸರು ಉತ್ತರ ಕರ್ನಾಟಕದಲ್ಲಿ ತಲೆಗೆ ಸುತ್ತುವ ಉದ್ದನೆಯ ವಸ್ತ್ರಕ್ಕೆ ನಿಂತಿತು. ಹೆಸರು ಬಹಳ ತಪ್ಪಿಲ್ಲ. ರುಮಾಲನ್ನು ಬಿಚ್ಚಿದರೆ ಬೆವರು ಒರೆಸಬಹುದು, ಹೊದೆಯಬಹುದು, ಕಾಳು ಕಟ್ಟಬಹುದು, ಮರದ ಕೆಳಗೆ ಹಾಸಿ ಮಲಗಬಹುದು.

ಕರಾವಳಿಯಲ್ಲಿ ಅಡಿಕೆ ಹಾಳೆಯ ಮುಟ್ಟಾಳೆ, ಮಲೆನಾಡಿನಲ್ಲಿ ಎಲೆ ಮತ್ತು ಬಿದಿರಿನ ಗೊರಬು ಹುಟ್ಟಿದ್ದು ಅಲ್ಲಿನ ಗಿಡಮರಗಳಿಂದ, ಅಲ್ಲಿನ ಮಳೆಯಿಂದ. ರಾಯಚೂರು ಸೀಮೆಯ ಎರೆಹೊಲ ಕೊಟ್ಟದ್ದು ಹತ್ತಿ, ಕುರಿಹಿಂಡು ಕೊಟ್ಟದ್ದು ಉಣ್ಣೆ. ಹೀಗಾಗಿ ಬಿಸಿಲಿಗೆ ರುಮಾಲು, ಮಳೆಗೆ ಕಂಬಳಿಯ ಕೊಪ್ಪೆ. ಒಣಹವೆಯಲ್ಲಿ ರುಮಾಲಿಗೆ ಇನ್ನೊಂದು ಗುಣವಿದೆ. ಪದರಗಳ ನಡುವೆ ನಿಂತ ಗಾಳಿ ಬಿಸಿಲಿನ ಕಾವನ್ನು ತಡೆಯುತ್ತದೆ. ನೀರಿನಲ್ಲಿ ಅದ್ದಿ ಸುತ್ತಿದರೆ ಆ ನೀರು ಆರುತ್ತ ತಲೆಯನ್ನು ತಂಪಾಗಿಡುತ್ತದೆ. ಮಣ್ಣಿನ ಗಡಿಗೆಯ ನೀರು ತಣ್ಣಗಾಗುವುದೂ ಇದೇ ರೀತಿಯಲ್ಲಿ.

ಇದರ ಆರೈಕೆ ಮನೆಯೊಳಗೆ ಮುಗಿಯುವ ಕೆಲಸವಾಗಿರಲಿಲ್ಲ. ಸಾಬೂನು ಹಳ್ಳಿಗೆ ಬರುವ ಮೊದಲು ಮಡಿವಾಳರು ಬಟ್ಟೆಯನ್ನು ಸವಳು ಮಣ್ಣಿನ ನೀರಿನಲ್ಲಿ ನೆನೆಹಾಕುತ್ತಿದ್ದರು. ಈ ಮಣ್ಣಿನಲ್ಲಿರುವ ಸೋಡಾ ಕ್ಷಾರ ಬೆವರಿನ ಜಿಡ್ಡನ್ನು ಬಿಡಿಸುತ್ತದೆ. ಆಮೇಲೆ ಬಟ್ಟೆಯನ್ನು ಉಬ್ಬೆಗೆ ಹಾಕಿ ಹಬೆಯಲ್ಲಿ ಬೇಯಿಸಿ, ಹಳ್ಳದ ಬಂಡೆಗೆ ಬಡಿದು, ನೀಲಿ ಮತ್ತು ಗಂಜಿ ಹಾಕಿ ಒಣಗಿಸುತ್ತಿದ್ದರು. ಗಂಜಿ ಕೇವಲ ಅಂದಕ್ಕಲ್ಲ. ಧೂಳು ನೂಲಿಗೆ ಹತ್ತುವ ಬದಲು ಗಂಜಿಯ ಪದರಕ್ಕೆ ಹತ್ತುತ್ತದೆ, ಮುಂದಿನ ಒಗೆತದಲ್ಲಿ ಗಂಜಿಯೊಡನೆ ಕೊಳೆಯೂ ಹೋಗುತ್ತದೆ. ಈ ಕೆಲಸಕ್ಕೆ ಸಿಗುತ್ತಿದ್ದುದು ಸುಗ್ಗಿಯಲ್ಲಿ ಕಣದಿಂದ ಅಳೆದುಕೊಡುವ ಆಯದ ಕಾಳು. ಗೌಡ, ಕುಲಕರ್ಣಿಗಳ ತಲೆಯ ಮೇಲಿನ ಬಿಳುಪಿನ ಹಿಂದೆ ಹಳ್ಳದ ನೀರಿನಲ್ಲಿ ದಿನವಿಡೀ ನಿಂತವರ ಕೈಗಳಿದ್ದವು. ರುಮಾಲಿನ ಮರ್ಯಾದೆ ಸುತ್ತಿದವನಿಗೆ ಸಂದಿತು, ಒಗೆದವನಿಗೆ ಸಲ್ಲಲಿಲ್ಲ.

ಸವಳಿನ ಕಥೆ ಅಲ್ಲಿಗೇ ಮುಗಿಯಲಿಲ್ಲ. ತುಂಗಭದ್ರಾ ಅಣೆಕಟ್ಟೆ 1953ರಲ್ಲಿ ಸಿದ್ಧವಾದ ಮೇಲೆ ಎಡದಂಡೆ ಕಾಲುವೆಯ ನೀರು ಮಾನ್ವಿ, ಸಿಂಧನೂರು ಭಾಗದ ಎರೆಹೊಲಗಳಿಗೆ ಹರಿಯಿತು. ಜೋಳ, ಹತ್ತಿ ಇದ್ದಲ್ಲಿ ಭತ್ತ ಬಂತು. ನೀರು ಬಸಿದುಹೋಗಲು ದಾರಿ ಇಲ್ಲದ ಕಡೆ ನೆಲದಾಳದ ಲವಣ ಮೇಲೆದ್ದು ಹೊಲಗಳು ಸವಳಾದವು. ಒಂದು ಕಾಲಕ್ಕೆ ರುಮಾಲನ್ನು ಬೆಳ್ಳಗೆ ಮಾಡುತ್ತಿದ್ದ ಅದೇ ಮಣ್ಣು ಈಗ ರೈತನ ತಲೆನೋವಾಗಿದೆ.

ರೈಲಿನ ಜೊತೆ ಬಂದ ಬೆಂಡಿನ ಟೋಪಿ

ಮುಂಬಯಿ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯೂ ಮದ್ರಾಸ್ ರೈಲ್ವೆಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡವು. ಬ್ರಿಟಿಷ್ ಇಂಡಿಯಾದ ರೈಲು ಅಧಿಕಾರಿ, ಎಂಜಿನಿಯರುಗಳ ಗುರುತಾಗಿದ್ದ ಸೋಲಾ ಟೋಪಿಗೆ ಈ ದಾರಿ ತೆರೆಯಿತು. ಜೌಗಿನಲ್ಲಿ ಬೆಳೆಯುವ ಶೋಲಾ ಗಿಡದ ಬೆಂಡಿನಿಂದ ಮಾಡಿ ಮೇಲೆ ಬಟ್ಟೆ ಹೊದಿಸಿದ ಟೋಪಿ ಇದು. ಹಗುರ, ಅಗಲವಾದ ಅಂಚು, ಒಳ್ಳೆಯ ನೆರಳು. ಆದರೆ ಮಳೆಗೆ ಸಿಕ್ಕರೆ ಬೆಂಡು ನೀರು ಕುಡಿದು ಕೆಡುತ್ತಿತ್ತು. ಒಗೆಯುವಂತಿರಲಿಲ್ಲ. ಕೊಳೆಯಾದರೆ ಬಿಳಿಯ ಸುಣ್ಣಮಣ್ಣು ಬಳಿದು ಮುಚ್ಚಬೇಕು. ಕೈಕೆಳಗೆ ಆಳು ಇದ್ದವರಿಗೆ ಮಾತ್ರ ಹೊಂದುವ ಆರೈಕೆ ಅದು. ಸಾಮ್ರಾಜ್ಯದ ಜೊತೆಗೆ ಅದೂ ಹೋಯಿತು.

ನಿಜಾಮರ ಆಡಳಿತದಲ್ಲಿದ್ದ ರಾಯಚೂರಿಗೆ ಹೈದರಾಬಾದಿನ ರೂಮಿ ಟೋಪಿಯ ಪರಿಚಯವೂ ಇತ್ತು. 1911ರಿಂದ ಆಳಿದ ಮೀರ್ ಉಸ್ಮಾನ್ ಅಲಿ ಖಾನರ ಭಾವಚಿತ್ರಗಳಲ್ಲಿ ಅದನ್ನು ನೋಡಬಹುದು. ಒತ್ತಿದ ಉಣ್ಣೆಯ ಈ ಟೋಪಿ ನೀರು ಬಿದ್ದರೆ ಸೊರಗುತ್ತದೆ. ಲೋಹದ ಅಚ್ಚಿಗೆ ಹಾಕಿ ಹಬೆಯಲ್ಲಿ ಒತ್ತಿ ಆಕಾರ ತರಬೇಕು. ಅಂಚು ಇಲ್ಲದ ಕಾರಣ ಕಣ್ಣಿಗೆ ನೆರಳೂ ಇಲ್ಲ. ಹೊಲದ ಕೆಲಸಕ್ಕೆ ಅದು ಬರುವಂತಿರಲಿಲ್ಲ.

ಬಿಳಿ ಟೋಪಿಯ ಲೆಕ್ಕ

ಒಗೆತದ ಪ್ರಶ್ನೆಯನ್ನು ಮೊದಲೇ ಯೋಚಿಸಿ ರೂಪಿಸಿದ ತಲೆಯುಡುಗೆ ಎಂದರೆ ಗಾಂಧಿ ಟೋಪಿ. ಅದು ಹುಟ್ಟಿದ ಬಗೆಯನ್ನು ಕಾಕಾ ಕಾಲೇಲ್ಕರ್ ತಮ್ಮ ನೆನಪುಗಳಲ್ಲಿ ಹೇಳಿದ್ದಾರೆ. ಪೇಟಕ್ಕೆ ಬಟ್ಟೆ ಹೆಚ್ಚು ಬೇಕು. ಕಾಶ್ಮೀರಿ ಟೋಪಿ ಹಗುರ, ಮಡಚಿ ಜೇಬಿನಲ್ಲಿಡಬಹುದು, ಆದರೆ ಉಣ್ಣೆಯದು. ಅದೇ ಮಾದರಿಯನ್ನು ಗಾಂಧೀಜಿ ಹತ್ತಿಗೆ ಇಳಿಸಿದರು. ಬಿಳಿಯ ಬಣ್ಣವೇ ಏಕೆ? ಬಣ್ಣದ ಟೋಪಿಯಲ್ಲಿ ಕೊಳೆ ಕಾಣುವುದಿಲ್ಲ, ಕಾಣದ ಕೊಳೆಯನ್ನು ಯಾರೂ ತೊಳೆಯುವುದಿಲ್ಲ. ಬಿಳಿಯದಾದರೆ ತೊಳೆಯಲೇಬೇಕು. ಸ್ವತಃ ಗಾಂಧೀಜಿ 1921ರಲ್ಲಿ ಟೋಪಿಯನ್ನು ಬಿಟ್ಟರೂ ನಾಡು ಬಿಡಲಿಲ್ಲ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಹೊತ್ತಿಗೆ ಅದು ಚಳವಳಿಯ ಗುರುತಾಗಿತ್ತು. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್‌ಗೆ 1938ರಲ್ಲಿ ನಿಷೇಧ ಬಿದ್ದ ಮೇಲೆ ನಿಜಾಮರ ಸೀಮೆಯಲ್ಲಿ ಅದನ್ನು ಧರಿಸುವುದಕ್ಕೆ ಧೈರ್ಯವೂ ಬೇಕಿತ್ತು. ಮಡಿವಾಳನಿಗೆ ಕಾಯದೆ ಅವರವರೇ ತೊಳೆದುಕೊಳ್ಳಬಹುದಾದ ಟೋಪಿ ಅದು. ಅದರ ಬಲದಲ್ಲಿ ಇದೂ ಒಂದು ಪಾಲು.

ಹುಲ್ಲಿನ ಟೋಪಿಯನ್ನು ಉಳಿಸುವುದು ಹೇಗೆ?

ಕೌಬಾಯ್ ಟೋಪಿ ಮೊದಲಿಗೆ ಹುಲ್ಲಿನದಾಗಿರಲಿಲ್ಲ. ಜಾನ್ ಸ್ಟೆಟ್‌ಸನ್ ಎಂಬಾತ 1865ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಟೋಪಿಯ ಕಸುಬು ತೆರೆದು ದನಗಾಹಿಗಳಿಗೆ ಮಾರಿದ್ದು ರೋಮವನ್ನು ಒತ್ತಿ ಮಾಡಿದ ಟೋಪಿ. ತಾಳೆ ಗರಿಯ ಹೆಣಿಗೆ ಮೆಕ್ಸಿಕೋ ಕಡೆಯ ಪರಂಪರೆ. ಅಲ್ಲಿ ಇಂದಿಗೂ ಚಳಿಗೆ ಒತ್ತುರೋಮದ ಟೋಪಿ, ಬೇಸಿಗೆಗೆ ಹುಲ್ಲಿನದು. ಈಕ್ವೆಡಾರಿನ ಹುಲ್ಲಿನ ಟೋಪಿಯ ನೇಯ್ಗೆಯನ್ನು ಯುನೆಸ್ಕೋ 2012ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಹೆಣೆದ ಹುಲ್ಲಿಗೆ ಗಟ್ಟಿತನ ಬರಲು ಸರಿ ಹಾಕಿರುತ್ತಾರೆ. ನೀರಿನಲ್ಲಿ ಮುಳುಗಿಸಿದರೆ ಅದು ಕರಗುತ್ತದೆ, ಎಳೆಗಳು ಉಬ್ಬಿ ಸಡಿಲವಾಗುತ್ತವೆ. ಆದ್ದರಿಂದ ಮೊದಲು ಮೆತ್ತನೆಯ ಬ್ರಷ್ಷಿನಿಂದ ಧೂಳು ಕೊಡವಬೇಕು. ಕಲೆಯಿದ್ದಲ್ಲಿ ಸೌಮ್ಯ ಸಾಬೂನಿನ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಒಣಗಿಸಬೇಕು. ಒಳಗಿನ ಬೆವರುಪಟ್ಟಿಯನ್ನು ದಿನವೂ ಹೊರಮಗುಚಿ ಗಾಳಿಗೆ ಬಿಡಬೇಕು. ನೆತ್ತಿಯ ಮಡಿಕೆ ಹಿಡಿದು ಎತ್ತಿದರೆ ಸೀಳುವುದು ಅಲ್ಲಿಂದಲೇ, ಅಂಚು ಹಿಡಿದು ತೆಗೆಯಬೇಕು. ಇಡುವಾಗ ಅಂಗಾತ ಇಟ್ಟರೆ ಅಂಚಿನ ಆಕಾರ ಉಳಿಯುತ್ತದೆ. ತಗ್ಗುಬಿದ್ದರೆ ಕುದಿಯುವ ಕೆಟಲಿನ ಹಬೆಗೆ ಹಿಡಿದು ಕೈಯಿಂದ ತಿದ್ದಬಹುದು. ರಾಯಚೂರಿನವರಿಗೆ ಇನ್ನೂ ಒಂದು ಎಚ್ಚರಿಕೆ: ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಬಿಟ್ಟರೆ ಹುಲ್ಲು ಕಾದು ಗರಿಗರಿಯಾಗಿ ಮುರಿಯುತ್ತದೆ.

ಯಾರ ನೆತ್ತಿಗೆ ನೆರಳು?

ರುಮಾಲಿಗೆ ಒಗೆತದ ಅನುಕೂಲವಿದೆ, ಕಣ್ಣಿಗೂ ಕುತ್ತಿಗೆಗೂ ನೆರಳಿಲ್ಲ. ಹುಲ್ಲಿನ ಟೋಪಿಗೆ ನೆರಳಿದೆ, ಒಗೆತವಿಲ್ಲ. ತೊಳೆದ ಹತ್ತಿ ವಸ್ತ್ರವನ್ನು ಕಟ್ಟಿ ಅದರ ಮೇಲೆ ಹುಲ್ಲಿನ ಟೋಪಿ ಇಟ್ಟರೆ ಬೆವರು ಬಟ್ಟೆಗೆ ಹೋಗುತ್ತದೆ, ಟೋಪಿ ಬಾಳುತ್ತದೆ. ಎರಡರ ಗುಣವೂ ದಕ್ಕುತ್ತದೆ.

ಈ ಚರಿತ್ರೆಯಲ್ಲಿ ಹೆಸರೇ ಬಾರದವರು ಹೆಂಗಸರು. ಕುಲ್ಲಾಯಿ, ರುಮಾಲು, ಸೋಲಾ, ರೂಮಿ, ಗಾಂಧಿ, ಕೌಬಾಯ್ ಟೋಪಿಗಳೆಲ್ಲ ಗಂಡಸರ ತಲೆಗೆಂದೇ ಹುಟ್ಟಿದವು. ದೇವದುರ್ಗದ ಹೊಲದಲ್ಲಿ ಹತ್ತಿ ಬಿಡಿಸುವವರು, ಮಾನ್ವಿಯ ಗದ್ದೆಯಲ್ಲಿ ಬಗ್ಗಿ ಭತ್ತ ನಾಟಿ ಮಾಡುವವರು ಬಹುಮಟ್ಟಿಗೆ ಹೆಂಗಸರೇ. ಅವರ ನೆತ್ತಿಗಿರುವುದು ಸೀರೆಯ ಸೆರಗು, ಹೆಚ್ಚೆಂದರೆ ಮೇಲೊಂದು ಟವೆಲು. ಅಗಲ ಅಂಚಿನ ಟೋಪಿ ಮೊದಲು ಸೇರಬೇಕಾದದ್ದು ಅವರ ತಲೆಗೆ. ದಿನದ ಕೆಲಸ ಮುಗಿಸಿ ಬಂದು ಮನೆಮಂದಿಯ ಬಟ್ಟೆ ಒಗೆಯುವವರೂ ಅವರೇ ಆದ್ದರಿಂದ, ಅದನ್ನು ಹೇಗೆ ಕಾಪಾಡಬೇಕೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.