ಶಿರಿಯದ ಲೆಕ್ಕ: ಗುಂಪೂ ಶಿಖರವೂ

1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗವು ಕಾಸರಗೋಡು ತಾಲೂಕನ್ನು ಒಂದೇ ಗುಂಪಾಗಿ ಎಣಿಸಿತು, ಮಲಯಾಳವೇ ಶಿಖರವಾಯಿತು. 1967ರಲ್ಲಿ ಮಹಾಜನ ಆಯೋಗವು ಚಂದ್ರಗಿರಿಯ ಉತ್ತರಭಾಗವನ್ನು ಬೇರೆಯಾಗಿ ನೋಡಿ, ಅದು ಮೈಸೂರಿಗೆ ಸೇರಬೇಕೆಂದಿತು. ಶಿರಿಯ ಇರುವುದು ಆ ಉತ್ತರದಲ್ಲಿ; ಉಳಿದದ್ದು ಕೇರಳದಲ್ಲಿ.

ಪದಗಳ ಬಳಕೆಯನ್ನು ಊರುವಾರು ಎಣಿಸುವಾಗ ನನಗೂ ಇದೇ ಪಾಠವಾಯಿತು. ಉಪ್ಪಳ, ಶಿರಿಯ, ಕುಂಬಳೆ, ಮೊಗ್ರಾಲ್ ಎಂದು ಬಡಗಿನಿಂದ ತೆಂಕಿಗೆ ಸಾಲು. ಎರಡೂ ಬದಿಯ ನೆರೆಯೂರಿಗಿಂತ ಹೆಚ್ಚಿದ್ದರೆ ಅದು ಶಿಖರ. ಗಣಕದ ‘ಆರ್’ ಭಾಷೆಯಲ್ಲಿ ಹೋಲಿಸಿದೆ. ಪದವಾರು ಗುಂಪು ಮಾಡಲು ಮರೆತೆ. ಒಂದು ಪದದ ಮೊಗ್ರಾಲಿಗೆ ಮುಂದಿನ ಪದದ ಉಪ್ಪಳ ನೆರೆಯಾಗಿ, ಇಲ್ಲದ ಶಿಖರ ಎದ್ದಿತು! ‘ಇದೆಂಥ ಲೆಕ್ಕ ಮಾರಾಯ್ರೆ?’ ಎಂದರು ಊರಿನ ಹಿರಿಯರೊಬ್ಬರು. ಗುಂಪು ಮಾಡಿದ ಮೇಲೆ ಸರಿಹೋಯಿತು.

ಗುಂಪು ಕಟ್ಟುವುದು ಲೆಕ್ಕಕ್ಕೂ ಮೊದಲಿನ ತೀರ್ಮಾನ. ಅದನ್ನು ಬರೆದಿಟ್ಟೇ ಎಣಿಸಬೇಕು.