ಕತ್ತರಿಗೆ ಸಿಕ್ಕ 27 ನಿಮಿಷ

‘ಎ ಸ್ಟಾರ್ ಈಸ್ ಬಾರ್ನ್’ ಚಿತ್ರದ ಡಿವಿಡಿಯನ್ನು ಮೊದಲ ಬಾರಿಗೆ ನೋಡುವವರು ಒಂದು ಹಂತದಲ್ಲಿ ತಬ್ಬಿಬ್ಬಾಗುತ್ತಾರೆ. ಅದುವರೆಗೆ ಬಣ್ಣಬಣ್ಣವಾಗಿ ಓಡುತ್ತಿದ್ದ ಚಿತ್ರ ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ತೆರೆಯ ಮೇಲೆ ಕಂದು ಛಾಯೆಯ ಸ್ಥಿರಚಿತ್ರಗಳು ಒಂದಾದ ಮೇಲೊಂದು ಬರತೊಡಗುತ್ತವೆ. ಆದರೆ ಪಾತ್ರಗಳ ಮಾತು ನಿಲ್ಲುವುದಿಲ್ಲ. ಡಿಸ್ಕ್ ಕೆಟ್ಟಿದೆಯೇ? ಯಂತ್ರದಲ್ಲಿ ದೋಷವೇ? ಎರಡೂ ಅಲ್ಲ. ಅಲ್ಲಿ ಇರಬೇಕಾಗಿದ್ದ ದೃಶ್ಯಗಳು ಇಂದು ಲಭ್ಯವಿಲ್ಲ, ಅಷ್ಟೇ. ಅವು ಹೇಗೆ ಹೋದವು ಎಂಬುದು ಹಾಲಿವುಡ್ಡಿನ ಇತಿಹಾಸದ ಒಂದು ದುಃಖದ ಅಧ್ಯಾಯ.

ಹಾಲಿವುಡ್ಡಿನ ಮೆಲೊಡ್ರಾಮಾಗಳಲ್ಲಿ ಈ ಚಿತ್ರಕ್ಕೆ ವಿಶೇಷ ಸ್ಥಾನವಿದೆ. 1937ರಲ್ಲಿ ಇದೇ ಹೆಸರಿನಲ್ಲಿ ಬಂದಿದ್ದ ಚಿತ್ರದ ಕಥೆಯನ್ನೇ 1954ರಲ್ಲಿ ನಿರ್ದೇಶಕ ಜಾರ್ಜ್ ಕ್ಯೂಕರ್ ಹಾಡುಗಳೊಂದಿಗೆ ಮತ್ತೆ ತೆರೆಗೆ ತಂದರು. ಕುಡಿತಕ್ಕೆ ದಾಸನಾಗಿ ಇಳಿಮುಖ ಹಿಡಿದ ನಟ ನಾರ್ಮನ್ ಮೇನ್, ವಾದ್ಯವೃಂದದ ಗಾಯಕಿ ಎಸ್ತರ್‌ಳ ಪ್ರತಿಭೆಯನ್ನು ಗುರುತಿಸಿ ಚಿತ್ರರಂಗಕ್ಕೆ ಕರೆತರುತ್ತಾನೆ. ಇಬ್ಬರೂ ಮದುವೆಯಾಗುತ್ತಾರೆ. ಅವಳ ಕೀರ್ತಿ ಏರಿದಂತೆಲ್ಲ ಅವನದು ಕುಸಿಯುತ್ತದೆ. ತನ್ನನ್ನು ನೋಡಿಕೊಳ್ಳಲೆಂದು ಅವಳು ನಟನೆಯನ್ನೇ ಬಿಡಲು ಹೊರಟಿದ್ದಾಳೆಂದು ತಿಳಿದಾಗ ಅವನು ಸಮುದ್ರಕ್ಕೆ ನಡೆದುಹೋಗುತ್ತಾನೆ. ನಾರ್ಮನ್ ಪಾತ್ರದಲ್ಲಿ ಜೇಮ್ಸ್ ಮೇಸನ್, ಎಸ್ತರ್ ಪಾತ್ರದಲ್ಲಿ ಜೂಡಿ ಗಾರ್ಲಂಡ್. 1950ರಲ್ಲಿ ಎಂಜಿಎಂ ಸಂಸ್ಥೆಯಿಂದ ಹೊರಬಿದ್ದಿದ್ದ ಗಾರ್ಲಂಡ್‌ಗೆ ಇದು ಚಿತ್ರರಂಗಕ್ಕೆ ಮರುಪ್ರವೇಶ. ಅವರ ಪತಿ ಸಿಡ್ ಲಫ್ಟ್ ಅವರೇ ನಿರ್ಮಾಪಕರು.

1954ರ ಸೆಪ್ಟೆಂಬರ್ 29ರಂದು ಹಾಲಿವುಡ್ಡಿನ ಪ್ಯಾಂಟೇಜಸ್ ಚಿತ್ರಮಂದಿರದಲ್ಲಿ ಚಿತ್ರ ಬಿಡುಗಡೆಯಾಯಿತು. ಅವಧಿ 181 ನಿಮಿಷ. ವಿಮರ್ಶಕರು ಮೆಚ್ಚಿದರು. ಆದರೆ ಮೂರು ಗಂಟೆಯ ಚಿತ್ರವಿದ್ದರೆ ದಿನಕ್ಕೆ ಎಷ್ಟು ಪ್ರದರ್ಶನ ನಡೆಸಲು ಸಾಧ್ಯ? ಆಟ ಒಂದು ಕಡಿಮೆಯಾದರೆ ಗಲ್ಲಾಪೆಟ್ಟಿಗೆಗೆ ಬೀಳುವ ಹಣವೂ ಅಷ್ಟು ಕಡಿಮೆ. ಈ ಲೆಕ್ಕಾಚಾರದಲ್ಲಿ ವಾರ್ನರ್ ಬ್ರದರ್ಸ್ ಸಂಸ್ಥೆ ಕೆಲವೇ ವಾರಗಳಲ್ಲಿ ಚಿತ್ರಕ್ಕೆ ಕತ್ತರಿ ಹಾಕಿಸಿ, ಅವಧಿಯನ್ನು 154 ನಿಮಿಷಕ್ಕೆ ಇಳಿಸಿತು.

ಆಗ ನಿರ್ದೇಶಕರೆಲ್ಲಿದ್ದರು? ನಮ್ಮ ಉಪಖಂಡದತ್ತ ಹೊರಟಿದ್ದರು! ತಮ್ಮ ಮುಂದಿನ ಚಿತ್ರ ‘ಭವಾನಿ ಜಂಕ್ಷನ್’ಗೆ ಸ್ಥಳ ನೋಡಲು ಕ್ಯೂಕರ್ ಭಾರತಕ್ಕೆ ಬಂದಿದ್ದರು. ಕೊನೆಗೆ ಆ ಚಿತ್ರದ ಹೊರಾಂಗಣ ಚಿತ್ರೀಕರಣ ನಡೆದದ್ದು ಲಾಹೋರಿನಲ್ಲಿ. ಅವರು ಇತ್ತ ಊರೂರು ನೋಡುತ್ತಿದ್ದಾಗ ಅತ್ತ ಅವರ ಚಿತ್ರ ಅವರಿಲ್ಲದೆಯೇ ತುಂಡಾಯಿತು.

ಕತ್ತರಿ ಬಿದ್ದದ್ದು ಎಲ್ಲಿ ಎಂಬುದನ್ನು ಗಮನಿಸಬೇಕು. ಚಿತ್ರದ ನಡುವೆ ಸುಮಾರು ಕಾಲು ಗಂಟೆಯ ‘ಬಾರ್ನ್ ಇನ್ ಎ ಟ್ರಂಕ್’ ಎಂಬ ವೈಭವದ ಹಾಡಿನ ದೃಶ್ಯವಿದೆ. ಕ್ಯೂಕರ್ ತಮ್ಮ ಕೆಲಸ ಮುಗಿಸಿದ ಮೇಲೆ ಬೇರೆಯವರು ಸೇರಿಸಿದ್ದು ಅದು. ಅದು ಉಳಿಯಿತು. ಹೋದದ್ದು ಪಾತ್ರಗಳನ್ನು ಕಟ್ಟುವ ಸಣ್ಣಪುಟ್ಟ ದೃಶ್ಯಗಳು: ನಾರ್ಮನ್ ಮತ್ತು ಎಸ್ತರ್ ಒಬ್ಬರಿಂದೊಬ್ಬರು ತಪ್ಪಿಸಿಕೊಳ್ಳುವುದು, ಕೈಯಲ್ಲಿ ಕಾಸಿಲ್ಲದೆ ಅವಳು ಕಾರುಗಳ ಬಳಿಗೆ ತಿಂಡಿ ಒಯ್ಯುವ ಕೆಲಸಕ್ಕೆ ಸೇರುವುದು, ಧ್ವನಿಮುದ್ರಣದ ವೇಳೆ ಅವನು ಮದುವೆಯ ಮಾತೆತ್ತಿದಾಗ ತೆರೆದಿದ್ದ ಮೈಕು ಆ ಖಾಸಗಿ ಮಾತನ್ನೆಲ್ಲ ಎಲ್ಲರಿಗೂ ಕೇಳಿಸುವುದು.

ಇನ್ನೊಂದು ಉದಾಹರಣೆ ನೋಡಿ. ದುಃಖ ಮರೆತು ನಗು ಎನ್ನುವ ಉಲ್ಲಾಸದ ಹಾಡೊಂದರ ಚಿತ್ರೀಕರಣದ ನಡುವೆ ಎಸ್ತರ್ ತನ್ನ ಕೋಣೆಗೆ ಬಂದು, ಗಂಡನ ಸ್ಥಿತಿಯನ್ನು ನೆನೆದು ಬಿಕ್ಕಿ ಬಿಕ್ಕಿ ಅಳುತ್ತಾಳೆ. ಮತ್ತೆ ಕರೆ ಬಂದಾಗ ಕಣ್ಣೊರೆಸಿಕೊಂಡು ಹೋಗಿ ಅದೇ ಹಾಡನ್ನು ನಗುನಗುತ್ತ ಮುಗಿಸುತ್ತಾಳೆ. ಕತ್ತರಿಸಿದ ಪ್ರತಿಯಲ್ಲಿ ಅಳು ಉಳಿಯಿತು, ಹಾಡು ಹೋಯಿತು. ಹೆಂಗಸೊಬ್ಬಳು ಅತ್ತಳು ಎಂಬುದಷ್ಟೇ ಪ್ರೇಕ್ಷಕರಿಗೆ ಸಿಕ್ಕಿತು. ಅಳುತ್ತಲೇ ನಗಬೇಕಾದ ವೃತ್ತಿಯ ಕ್ರೌರ್ಯ ಕೈತಪ್ಪಿತು. ಮೆಲೊಡ್ರಾಮಾ ಎಂದರೆ ಬರೀ ಕಣ್ಣೀರಲ್ಲ, ಕಣ್ಣೀರಿಗೆ ಕಾರಣವನ್ನು ಹಂತಹಂತವಾಗಿ ಕಟ್ಟುವ ಕಲೆ. ಕಾರಣ ತೆಗೆದರೆ ಉಳಿಯುವುದು ಅತಿರೇಕ ಮಾತ್ರ. ಚಿತ್ರ ಆರು ಆಸ್ಕರ್ ನಾಮಕರಣಗಳನ್ನು ಪಡೆದರೂ ಒಂದನ್ನೂ ಗೆಲ್ಲಲಿಲ್ಲ.

ಸುಮಾರು ಮೂರು ದಶಕಗಳ ನಂತರ, ಲಾಸ್ ಏಂಜಲೀಸ್ ಕೌಂಟಿ ಕಲಾ ಸಂಗ್ರಹಾಲಯದ ಚಲನಚಿತ್ರ ವಿಭಾಗದ ಮುಖ್ಯಸ್ಥ ರೊನಾಲ್ಡ್ ಹೇವರ್ ಈ ತುಣುಕುಗಳ ಬೆನ್ನುಹತ್ತಿದರು. ವಾರ್ನರ್ ಸಂಸ್ಥೆಯ ಉಗ್ರಾಣಗಳನ್ನು ಜಾಲಾಡಿದಾಗ ದೀರ್ಘ ಪ್ರತಿಯ ಧ್ವನಿಪಥ ಸಿಕ್ಕಿತು. ಕಳೆದುಹೋಗಿದ್ದ ಎರಡು ಹಾಡುಗಳೂ ಕೆಲವು ದೃಶ್ಯಗಳೂ ದೊರೆತವು. ಉಳಿದೆಡೆ ಮಾತಿತ್ತು, ಚಿತ್ರವಿರಲಿಲ್ಲ. ಅಲ್ಲಿ ಹೇವರ್ ಚಿತ್ರೀಕರಣದ ವೇಳೆ ತೆಗೆದಿದ್ದ ಸ್ಥಿರಚಿತ್ರಗಳನ್ನು ಜೋಡಿಸಿದರು. ಹೀಗೆ 176 ನಿಮಿಷಗಳ ಪ್ರತಿ ಸಿದ್ಧವಾಗಿ, 1983ರ ಜುಲೈನಲ್ಲಿ ನ್ಯೂಯಾರ್ಕಿನ ರೇಡಿಯೊ ಸಿಟಿ ಮ್ಯೂಸಿಕ್ ಹಾಲ್‌ನಲ್ಲಿ ಪ್ರದರ್ಶನಗೊಂಡಿತು. ಅದನ್ನು ನೋಡುವ ಭಾಗ್ಯ ಕ್ಯೂಕರ್‌ಗೆ ಇರಲಿಲ್ಲ. ಅವರು ಅದೇ ವರ್ಷದ ಜನವರಿಯಲ್ಲಿ ತೀರಿಕೊಂಡಿದ್ದರು. ಗಾರ್ಲಂಡ್ 1969ರಲ್ಲೇ ನಿಧನರಾಗಿದ್ದರು.

ಚಿತ್ರಮಂದಿರದ ಪ್ರದರ್ಶನ ಕೆಲವರಿಗೆ ಮಾತ್ರ ದಕ್ಕುವಂಥದು. ಈ ದೀರ್ಘ ಪ್ರತಿಯನ್ನು ಮನೆಮನೆಗೆ ತಲುಪಿಸಿದ್ದು ವಿಡಿಯೊ ಕ್ಯಾಸೆಟ್, ಲೇಸರ್ ಡಿಸ್ಕ್, ನಂತರ 2000ದಲ್ಲಿ ಬಂದ ಡಿವಿಡಿ, 2010ರಲ್ಲಿ ಬಂದ ಬ್ಲೂ-ರೇ. ಹೀಗಾಗಿ ಹೊಸ ತಲೆಮಾರಿಗೆ ಪರಿಚಯವಾದದ್ದು 154 ನಿಮಿಷದ ಚಿತ್ರವಲ್ಲ, ಹೇವರ್ ಕಟ್ಟಿದ ಚಿತ್ರ.

ಡಿಸ್ಕ್‌ಗಳ ಹೊದಿಕೆಯ ಮೇಲೆ ‘ಪುನರುಜ್ಜೀವನ’ ಎಂಬರ್ಥದ ಮಾತು ಕಂಡಾಗ ಅದರಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ ಎಂಬುದನ್ನು ನೆನಪಿಡಬೇಕು. ಮಾಸಿದ ಬಣ್ಣವನ್ನು ಸರಿಪಡಿಸಿ, ಗೀರು ಅಳಿಸಿ, ಧ್ವನಿಯನ್ನು ಸ್ವಚ್ಛಗೊಳಿಸುವುದು ಒಂದು. ಕಳೆದುಹೋದುದನ್ನು ಹುಡುಕಿ ಸ್ವಸ್ಥಾನದಲ್ಲಿ ಕೂರಿಸುವುದು ಇನ್ನೊಂದು. ಮೊದಲನೆಯದು ಕಲೆ ಅಳಿಸುತ್ತದೆ. ಎರಡನೆಯದು, ಪ್ರಾಮಾಣಿಕವಾಗಿ ಮಾಡಿದರೆ, ಗಾಯವನ್ನು ತೋರಿಸುತ್ತದೆ.

ಸ್ಥಿರಚಿತ್ರಕ್ಕೂ ಚಲನೆ ಬರಿಸುವ ಕಂಪ್ಯೂಟರ್ ತಂತ್ರಗಳು ಇಂದು ಬಂದಿವೆ. ನಾಳೆ ಯಾರಾದರೂ ಆ ನಿಶ್ಚಲ ನಿಮಿಷಗಳಿಗೆ ಜೀವ ತುಂಬಲು ಹೊರಟರೆ ಆಶ್ಚರ್ಯವಿಲ್ಲ. ಆದರೆ ಹಾಗೆ ಓಡಾಡುವುದು ಗಾರ್ಲಂಡ್ ಆಗಿರುವುದಿಲ್ಲ. ಅವರು ಆ ದಿನ ಹೇಗೆ ತಿರುಗಿದರು, ಯಾವ ಮಾತಿಗೆ ಕಣ್ಣು ತಗ್ಗಿಸಿದರು ಎಂಬುದು ಹೋದ ಫಿಲ್ಮಿನೊಂದಿಗೇ ಹೋಯಿತು. ಉಳಿದಿರುವುದು ದನಿ ಮಾತ್ರ. ಆದ್ದರಿಂದ ಡಿಸ್ಕ್ ಹಾಕಿದಾಗ ಆ ಕಂದು ಚಿತ್ರಗಳು ಬಂದರೆ ಬೇಸರಪಟ್ಟು ರಿಮೋಟಿಗೆ ಕೈ ಹಾಕಬೇಡಿ. ಆಟವೊಂದು ಹೆಚ್ಚಲಿ ಎಂಬ ಆಸೆಗೆ ತೆತ್ತ ಬೆಲೆ ಎಷ್ಟೆಂದು ಅವು ಹೇಳುತ್ತಿವೆ.